‘ನಿಜಪಾದ’ ಎಂಬ ಪದ ಹುಟ್ಟಿದ ಬಗೆ

ನಾನು ಮೊದಲ ಬಾರಿಗೆ ಡಿಜಿಟಲ್ ರೂಪಕ್ಕೆ ತಂದ ಪತ್ತೇದಾರಿ ಕಾದಂಬರಿಯ ಹಳೆಯ ಕಡತವೊಂದನ್ನು ನಾಚಿಕೆಯ ಗುರುತಾಗಿ ಇನ್ನೂ ಉಳಿಸಿಕೊಂಡಿದ್ದೇನೆ. ಅದರಲ್ಲಿ ‘ನಿಜಪಾದ’ ಎಂಬ ಪದ ಹನ್ನೊಂದು ಸಲ, ‘ಸುಂದರಪಾದ’ ಆರು ಸಲ, ‘ಭಯಂಕರಪಾದ’ ನಾಲ್ಕು ಸಲ ಬರುತ್ತವೆ. ಅಚ್ಚಾದ ಪುಸ್ತಕದಲ್ಲಿ ಇವುಗಳಲ್ಲಿ ಒಂದೂ ಇಲ್ಲ. ಕಥೆಯಲ್ಲಿ ಕೊಲೆಗಾರನು ತೋಟದ ಹಸಿ ಮಣ್ಣಿನ ಮೇಲೆ ಪಾದದ ಗುರುತು ಬಿಟ್ಟು ಹೋಗುತ್ತಾನೆ. ಅಕ್ಷರ ಗುರುತಿಸುವ ತಂತ್ರಾಂಶವು ಅದನ್ನು ‘ವಾದದ ಗುರುತು’ ಎಂದು ಓದಿತ್ತು. ನಾಲ್ಕೈದು ಕಡೆ ಇದೇ ತಪ್ಪನ್ನು ತಿದ್ದಿ ಬೇಸತ್ತ ನಾನು, ಕಡತದಲ್ಲಿರುವ ‘ವಾದ’ವನ್ನೆಲ್ಲ ‘ಪಾದ’ ಮಾಡುವಂತೆ ಒಂದೇ ಏಟಿಗೆ ಆದೇಶ ಕೊಟ್ಟೆ. ‘ನಿಜವಾದ’, ‘ಸುಂದರವಾದ’, ‘ಭಯಂಕರವಾದ’ ಎಂಬ ನಿರಪರಾಧಿ ವಿಶೇಷಣಗಳಿಗೆಲ್ಲ ಆ ಕ್ಷಣದಲ್ಲಿ ಕಾಲು ಮೂಡಿತು. ಇದು ನನ್ನ ಗಮನಕ್ಕೆ ಬಂದದ್ದು ಎರಡು ವಾರಗಳ ನಂತರ. ಅಷ್ಟರಲ್ಲಿ ಅದೇ ಕಡತದಲ್ಲಿ ಬೇರೆ ನೂರಾರು ತಿದ್ದುಪಡಿಗಳನ್ನು ಮಾಡಿದ್ದರಿಂದ ಹಿಂದಕ್ಕೆ ಹೋಗುವ ದಾರಿ ಮುಚ್ಚಿಹೋಗಿತ್ತು.

ಮರುಮುದ್ರಣ ಕಾಣದ ಅಗ್ಗದ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಅಕ್ಷರಗಳನ್ನು ಯಂತ್ರದಿಂದ ಓದಿಸಿ, ಮತ್ತೆ ಓದಬಲ್ಲ ಪಠ್ಯವಾಗಿಸುವ ಅಭಿಮಾನಿಗಳು ಎಲ್ಲ ಭಾಷೆಗಳಲ್ಲೂ ಇದ್ದಾರೆ. ‘ಸುಂದರಪಾದ’ದಂತಹ ತಪ್ಪಿಗೆ ಅವರಲ್ಲಿ ಯಾರೂ ಹೆದರುವುದಿಲ್ಲ, ಏಕೆಂದರೆ ಅದು ತನ್ನನ್ನು ತಾನೇ ತೋರಿಸಿಕೊಡುತ್ತದೆ. ನಾನು ಹೆದರುವುದು ಒಪ್ಪವಾಗಿ ಕಾಣುವ ತಪ್ಪಿಗೆ. ನಿಘಂಟಿನಲ್ಲಿರುವ ಪದ, ವ್ಯಾಕರಣಕ್ಕೆ ಹೊಂದುವ ವಾಕ್ಯ, ಸಂದರ್ಭಕ್ಕೂ ತಕ್ಕಮಟ್ಟಿಗೆ ಕೂಡುವ ಅರ್ಥ, ಆದರೆ ಲೇಖಕರು ಬರೆದದ್ದಲ್ಲ ಎಂಬಂತಹ ತಪ್ಪು ಅದು. ನಾಲ್ಕು ವರ್ಷಗಳಲ್ಲಿ ಒಂಬತ್ತು ಪುಸ್ತಕಗಳನ್ನು ಮುಗಿಸಿದ ಮೇಲೆ, ನನ್ನ ಸಮಯದ ಬಹುಪಾಲು ಈ ಒಂದು ಬಗೆಯ ತಪ್ಪಿನ ಬೇಟೆಗೇ ಹೋಗಿದೆ ಎಂದು ನನಗೆ ಅನಿಸುತ್ತದೆ.

ಇಷ್ಟು ಕಷ್ಟವೇಕೆ, ಪ್ರಕಾಶಕರ ಬಳಿ ಮೂಲ ಇರುವುದಿಲ್ಲವೇ ಎಂದು ಕೇಳುವವರಿದ್ದಾರೆ. ಒಂದೊಂದು ಅಕ್ಷರದ ಅಚ್ಚುಮೊಳೆಯನ್ನು ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದ ಪುಸ್ತಕಗಳಿಗೆ ನಾವು ಇಂದು ತಿಳಿಯುವ ಅರ್ಥದಲ್ಲಿ ಮೂಲ ಕಡತ ಎಂಬುದೇ ಇಲ್ಲ. ಒಂದು ಫಾರಂ, ಅಂದರೆ ಒಮ್ಮೆಗೆ ಅಚ್ಚಾಗುವ ಪುಟಗಳ ಗುಂಪು, ಅಚ್ಚಾಗಿ ಮುಗಿಯುತ್ತಲೇ ಮೊಳೆಗಳನ್ನು ಕಳಚಿ, ಮುಂದಿನ ಕೆಲಸಕ್ಕಾಗಿ ಮತ್ತೆ ಅವುಗಳ ಖಾನೆಗಳಿಗೆ ಹಾಕುತ್ತಿದ್ದರು. ಹಸ್ತಪ್ರತಿ ಉಳಿದಿದ್ದರೆ ಅದು ಅದೃಷ್ಟ. ಜನಪ್ರಿಯ ಕಾದಂಬರಿಗಳ ಮಟ್ಟಿಗೆ ಆ ಅದೃಷ್ಟವೂ ಅಪರೂಪ. ಓದಿ ಬಿಸಾಡಲೆಂದೇ ತಯಾರಾದ ಪುಸ್ತಕವನ್ನು ಜೋಪಾನ ಮಾಡಬೇಕೆಂದು ಆ ಹೊತ್ತಿನಲ್ಲಿ ಯಾರಿಗೂ ತೋಚಿರಲಿಲ್ಲ. ಹಾಗಾಗಿ ಚದುರಿಹೋಗಿರುವ ಮುದ್ರಿತ ಪ್ರತಿಗಳೇ ಆ ಕೃತಿಯ ಸರ್ವಸ್ವವಾಗಿವೆ.

ಆ ಪ್ರತಿಗಳೋ ದಿನದಿಂದ ದಿನಕ್ಕೆ ಕರಗುತ್ತಿವೆ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಅಗ್ಗದ ಕಾಗದವನ್ನು ಮರದ ತಿರುಳಿನಿಂದ ತಯಾರಿಸಲಾಗುತ್ತಿದೆ. ಆ ತಿರುಳಿನಲ್ಲಿ ಉಳಿಯುವ, ಮರದ ನಾರುಗಳನ್ನು ಬೆಸೆಯುವ ಲಿಗ್ನಿನ್ ಎಂಬ ವಸ್ತು ಬೆಳಕಿಗೆ, ಗಾಳಿಗೆ ಒಡ್ಡಿಕೊಂಡು ಕಂದಾಗುತ್ತದೆ. ಮಸಿ ಹರಡದಿರಲೆಂದು ಸೇರಿಸುತ್ತಿದ್ದ ಪಟಿಕ ಮತ್ತು ರಾಳದ ಮಿಶ್ರಣವು ಕಾಗದವನ್ನು ಆಮ್ಲೀಯಗೊಳಿಸಿ ಅದರ ನಾರುಗಳನ್ನು ನಿಧಾನವಾಗಿ ತುಂಡರಿಸುತ್ತದೆ. ಐವತ್ತು ವರ್ಷ ಕಳೆದ ಪುಟದ ಅಂಚನ್ನು ಮಡಚಿದರೆ ಅದು ಮಡಿಕೆಯಾಗುವುದಿಲ್ಲ, ಮುರಿದು ಕೈಗೆ ಬರುತ್ತದೆ. ಬೆನ್ನಿನ ಕಥೆ ಇನ್ನೊಂದು. ಇಂಗ್ಲೆಂಡಿನ ಪ್ರಕಾಶನ ಸಂಸ್ಥೆ ಪೆಂಗ್ವಿನ್ 1935ರಲ್ಲಿ ಅಗ್ಗದ ಪುಸ್ತಕಗಳಿಗೆ ದೊಡ್ಡ ಓದುಗ ವರ್ಗವಿದೆ ಎಂದು ತೋರಿಸಿದ ಮೇಲೆ ತಿಳಿರಟ್ಟಿನ (ಪೇಪರ್‌ಬ್ಯಾಕ್) ಪುಸ್ತಕಗಳು ಜಗತ್ತಿನಾದ್ಯಂತ ಹಬ್ಬಿದವು. ಮುಂದೆ ಇಂತಹ ಪುಸ್ತಕಗಳಲ್ಲಿ ಹೊಲಿಗೆ ಮಾಯವಾಗಿ, ಹಾಳೆಗಳ ಮಡಿಕೆಯನ್ನು ಕತ್ತರಿಸಿ ಬಿಡಿ ಹಾಳೆಗಳನ್ನು ಅಂಟಿನಿಂದ ಹಿಡಿದಿಡುವ ಪದ್ಧತಿ ಸಾಮಾನ್ಯವಾಯಿತು. ಆ ಅಂಟು ಒಣಗಿದ ಮೇಲೆ ಪುಸ್ತಕವನ್ನು ಪೂರ್ತಿಯಾಗಿ ತೆರೆದಿಟ್ಟರೆ ಬೆನ್ನು ಲಟಕ್ಕೆಂದು ಬಿರಿದು, ಹಾಳೆಗಳು ಒಂದೊಂದಾಗಿ ಉದುರುತ್ತವೆ.

ಆದ್ದರಿಂದ ಮೊದಲ ತೀರ್ಮಾನ ಕತ್ತಿಯ ವಿಷಯದ್ದು. ಬೆನ್ನನ್ನು ಕತ್ತರಿಸಿ ಬಿಡಿ ಹಾಳೆಗಳನ್ನು ತಾನಾಗಿ ಎಳೆದುಕೊಳ್ಳುವ ಸ್ಕ್ಯಾನರಿಗೆ ಕೊಟ್ಟರೆ ಇನ್ನೂರು ಪುಟಗಳ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಪುಟಗಳು ಚಪ್ಪಟೆಯಾಗಿ, ನೆಟ್ಟಗೆ ಬರುತ್ತವೆ. ಎರಡು ಪ್ರತಿಗಳಿದ್ದಾಗ ಮಾತ್ರ ನಾನು ಇದಕ್ಕೆ ಒಪ್ಪುತ್ತೇನೆ. ಇರುವುದು ಒಂದೇ ಪ್ರತಿಯಾದರೆ ಇಂಗ್ಲಿಷಿನ ‘ವಿ’ ಅಕ್ಷರದಂತೆ ಓರೆಯಾಗಿ ಜೋಡಿಸಿದ ಎರಡು ಹಲಗೆಗಳ ತೊಟ್ಟಿಲಿನಲ್ಲಿ ಪುಸ್ತಕವನ್ನು ಅರ್ಧವಷ್ಟೇ ತೆರೆದಿಟ್ಟು, ಎರಡು ಕಡೆಯಿಂದ ಎರಡು ಕ್ಯಾಮೆರಾಗಳಲ್ಲಿ ಚಿತ್ರ ತೆಗೆಯುತ್ತೇನೆ. ಬೇಸರದ ಕೆಲಸ, ಆದರೆ ಪುಸ್ತಕ ಪುಸ್ತಕವಾಗಿಯೇ ಉಳಿಯುತ್ತದೆ. ತೆಳುವಾದ ಕಾಗದದಲ್ಲಿ ಹಿಂಬದಿಯ ಅಕ್ಷರಗಳು ಮುಂದಕ್ಕೆ ಇಣುಕುವುದನ್ನು ತಡೆಯಲು ಪುಟದ ಹಿಂದೆ ಒಂದು ಕಪ್ಪು ಹಾಳೆಯನ್ನಿಡುವ ಉಪಾಯವನ್ನು ಹಿರಿಯ ಅಭಿಮಾನಿಯೊಬ್ಬರು ಹೇಳಿಕೊಟ್ಟರು. ಯಾವ ತಂತ್ರಾಂಶವೂ ಆ ಹಾಳೆಯಷ್ಟು ಉಪಕಾರ ಮಾಡಿಲ್ಲ.

ಚಿತ್ರದ ಸೂಕ್ಷ್ಮತೆಯಲ್ಲಿ ಜಿಪುಣತನ ತೋರಬಾರದು. ಎಂಟು ಪಾಯಿಂಟಿನ ಅಕ್ಷರಕ್ಕೆ ಅಂಗುಲಕ್ಕೆ 300 ಚುಕ್ಕಿಗಳ ಸ್ಕ್ಯಾನಿನಲ್ಲಿ ಒಟ್ಟು ಸುಮಾರು 33 ಚುಕ್ಕಿಗಳ ಎತ್ತರ ಸಿಗುತ್ತದೆ; ಅದರಲ್ಲಿ ರೋಮನ್ ಲಿಪಿಯ ಸಣ್ಣ ಅಕ್ಷರದ ಒಡಲಿಗೆ ಉಳಿಯುವುದು ಅರ್ಧದಷ್ಟು. ಕನ್ನಡದಲ್ಲಿ ಇಷ್ಟರೊಳಗೇ ಮೇಲಿನ ಗುಣಿತ, ನಡುವಿನ ಮೂಲಾಕ್ಷರ, ಕೆಳಗಿನ ಒತ್ತು ಎಲ್ಲವೂ ಹಿಡಿಯಬೇಕು. ಒತ್ತಿನ ಪಾಲಿಗೆ ಬರುವುದು ಬೆರಳೆಣಿಕೆಯ ಚುಕ್ಕಿಗಳು. ನಾನು 400ಕ್ಕಿಂತ ಕೆಳಗೆ ಇಳಿಯುವುದಿಲ್ಲ, ಮತ್ತು ಬೂದು ಬಣ್ಣದ ಛಾಯೆಗಳನ್ನು ಉಳಿಸಿಕೊಳ್ಳುತ್ತೇನೆ. ಕಪ್ಪು ಬಿಳುಪಾಗಿ ಬೇರ್ಪಡಿಸುವ ಕೆಲಸವನ್ನು ಆಮೇಲೆ ಎಷ್ಟು ಸಲ ಬೇಕಾದರೂ ಬೇರೆ ಬೇರೆ ಬಗೆಯಲ್ಲಿ ಮಾಡಿ ನೋಡಬಹುದು. ಸ್ಕ್ಯಾನ್ ಮಾಡುವಾಗಲೇ ಕಳೆದುಕೊಂಡ ಛಾಯೆಯನ್ನು ಮರಳಿ ತರಲಾಗುವುದಿಲ್ಲ.

ಓದುವ ಯಂತ್ರದ ಇತಿಹಾಸ ದೊಡ್ಡದು. ಯಾವುದೇ ವಿನ್ಯಾಸದ ಅಚ್ಚಕ್ಷರವನ್ನು ಓದಿ ಧ್ವನಿಯಾಗಿಸುವ ಯಂತ್ರವನ್ನು ರೇ ಕರ್ಜ್‌ವೈಲ್ 1976ರಲ್ಲಿ ಅಂಧ ಓದುಗರಿಗಾಗಿ ಹೊರತಂದರು ಎಂಬುದನ್ನು ನಾನು ಆಗಾಗ ನೆನೆಯುತ್ತೇನೆ, ಏಕೆಂದರೆ ನಾವು ಸಿದ್ಧಪಡಿಸುವ ಪಠ್ಯವನ್ನು ಕಿವಿಯಿಂದ ಓದುವವರು ಇಂದಿಗೂ ಇದ್ದಾರೆ, ಅವರಿಗೆ ಪುಟದ ಚಿತ್ರದಿಂದ ಯಾವ ಪ್ರಯೋಜನವೂ ಇಲ್ಲ. ನನ್ನಂತಹ ಹವ್ಯಾಸಿಗಳು ಹೆಚ್ಚಾಗಿ ಬಳಸುವ ಟೆಸರಾಕ್ಟ್ ಎಂಬ ಅಕ್ಷರ ಗುರುತಿಸುವ ತಂತ್ರಾಂಶ, ಎಚ್‌ಪಿ ಸಂಸ್ಥೆಯಲ್ಲಿ 1985ರಿಂದ 1994ರ ನಡುವೆ ರೂಪುಗೊಂಡು, ಅನೇಕ ವರ್ಷ ಮೂಲೆಯಲ್ಲಿದ್ದು, 2005ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂದು, ಮರುವರ್ಷದಿಂದ ಗೂಗಲ್‌ನ ಆಸರೆಯಲ್ಲಿ ಬೆಳೆಯಿತು. 2018ರಲ್ಲಿ ಬಂದ ಅದರ ನಾಲ್ಕನೆಯ ಆವೃತ್ತಿಯೊಂದಿಗೆ ಓದುವ ಕ್ರಮವೇ ಬದಲಾಯಿತು. ಹಿಂದಿನ ಆವೃತ್ತಿಗಳು ಬಿಡಿ ಅಕ್ಷರದ ಆಕಾರವನ್ನು ನೋಡಿ ಇದು ಯಾವುದಿರಬಹುದು ಎಂದು ತೀರ್ಮಾನಿಸುತ್ತಿದ್ದವು; ಹೊಸದು ನ್ಯೂರಲ್ ನೆಟ್‌ವರ್ಕಿನ ನೆರವಿನಿಂದ ಇಡೀ ಪಂಕ್ತಿಯನ್ನು ಒಂದು ಹರಿವಾಗಿ ಓದುತ್ತದೆ. ಕನ್ನಡದ ಮಟ್ಟಿಗೆ ಇದರಿಂದ ಆದ ಉಪಕಾರ ದೊಡ್ಡದು. ಆದರೆ ಹರಿವಾಗಿ ಓದುವ ಯಂತ್ರ ನಮ್ಮಂತೆಯೇ ಊಹಿಸಿಯೂ ಓದುತ್ತದೆ ಎಂಬುದನ್ನು ನಾನು ತಡವಾಗಿ ಅರ್ಥಮಾಡಿಕೊಂಡೆ.

ರೋಮನ್ ಲಿಪಿಯ ಪುಸ್ತಕಗಳ ಮೇಲೆ ದುಡಿಯುವವರು ಯಂತ್ರದ ಇಂತಹ ತಪ್ಪುಗಳಿಗೆ ‘ಸ್ಕ್ಯಾನೋ’ ಎಂಬ ಹೆಸರಿಟ್ಟಿದ್ದಾರೆ. ಅಲ್ಲಿ ‘ಆರ್’ ಮತ್ತು ‘ಎನ್’ ಒತ್ತೊತ್ತಾಗಿ ನಿಂತರೆ ‘ಎಂ’ ಆಗಿ ಕಾಣುವುದರಿಂದ ‘ಮಾಡರ್ನ್’ ಎಂಬುದು ‘ಮೋಡೆಮ್’ ಆಗುತ್ತದೆ. ಮೋಡೆಮ್ ಎಂಬ ವಸ್ತು ಹುಟ್ಟುವುದಕ್ಕೆ ಮೊದಲೇ ಅಚ್ಚಾದ ಕಾದಂಬರಿಯ ನಾಯಕಿ ಮೋಡೆಮ್ ಹೆಂಗಸಾಗಿಬಿಡುತ್ತಾಳೆ. ನಮ್ಮ ಲಿಪಿಯ ಸಂಕಟಗಳು ಬೇರೆ. ಮಹಾಪ್ರಾಣವನ್ನು ಸೂಚಿಸುವ ಸಣ್ಣ ಸೀಳು ಮಸಿಯಿಂದ ತುಂಬಿಹೋದರೆ ‘ಧನ’ ‘ದನ’ವಾಗುತ್ತದೆ, ಮತ್ತು ಆಸ್ತಿ ವ್ಯಾಜ್ಯದ ಕಥೆಯೊಂದರಲ್ಲಿ ಎರಡೂ ಸಲ್ಲುತ್ತವೆ. ‘ಪರ’ ‘ವರ’ವಾಗುತ್ತದೆ. ಅರ್ಕಾವೊತ್ತು ಕನ್ನಡದ ಒಂಬತ್ತರ ಅಂಕಿಯನ್ನು ಹೋಲುವುದರಿಂದ ‘ಸೂರ್ಯ’ನು ‘ಸೂಯ೯’ ಆಗಿ ಉದಯಿಸುತ್ತಾನೆ. ಎಲ್ಲಕ್ಕಿಂತ ಕಪಟಿ ಎಂದರೆ ಅನುಸ್ವಾರ. ಅದೂ ಕನ್ನಡದ ಸೊನ್ನೆಯೂ ಗಣಕಯಂತ್ರಗಳು ಅಕ್ಷರಗಳಿಗೆ ಬಳಸುವ ಸಂಕೇತ ಪದ್ಧತಿಯಾದ ಯೂನಿಕೋಡಿನಲ್ಲಿ ಎರಡು ಬೇರೆ ಬೇರೆ ಸಂಕೇತಗಳು, ಆದರೆ ಪರದೆಯ ಮೇಲೆ ಅವಳಿಜವಳಿ. ಅನುಸ್ವಾರದ ಜಾಗದಲ್ಲಿ ಸೊನ್ನೆ ಕುಳಿತ ‘ಅ೦ಗಡಿ’ಯನ್ನು ಕಣ್ಣು ಸರಾಗವಾಗಿ ಓದುತ್ತದೆ, ಹುಡುಕುವ ಪೆಟ್ಟಿಗೆಯಲ್ಲಿ ‘ಅಂಗಡಿ’ ಎಂದು ಕೊಟ್ಟಾಗ ಮಾತ್ರ ಆ ಪದ ಪುಸ್ತಕದಲ್ಲೇ ಇಲ್ಲ ಎಂಬ ಉತ್ತರ ಬರುತ್ತದೆ. ಇದೊಂದನ್ನು ಮಾತ್ರ ನಾನು ಇಂದಿಗೂ ಒಂದೇ ಆದೇಶದಿಂದ ಬದಲಾಯಿಸುತ್ತೇನೆ, ಅದೂ ಅಕ್ಕಪಕ್ಕದಲ್ಲಿ ಬೇರೆ ಅಂಕಿ ಇಲ್ಲದಿದ್ದರೆ ಮಾತ್ರ ಎಂಬ ನಿಬಂಧನೆಯೊಡನೆ.

ಶೇಕಡಾ 99ರಷ್ಟು ಸರಿಯಾಗಿ ಓದುತ್ತದೆ ಎಂಬ ಮಾತು ಕೇಳಲು ಸೊಗಸಾಗಿದೆ. ಪುಟಕ್ಕೆ 1,500 ಅಕ್ಷರಗಳಂತೆ ಇನ್ನೂರು ಪುಟಗಳ ಪುಸ್ತಕವೆಂದರೆ ಮೂರು ಲಕ್ಷ ಅಕ್ಷರಗಳು. ಅದರಲ್ಲಿ ಶೇಕಡಾ ಒಂದು ಎಂದರೆ 3,000 ತಪ್ಪುಗಳು, ಅಂದರೆ ಪುಟಕ್ಕೆ ಹದಿನೈದು. ಶೇಕಡಾ 99.9ಕ್ಕೆ ಏರಿದರೂ 300 ಉಳಿಯುತ್ತವೆ. ವಿಚಿತ್ರವೆಂದರೆ, ಪುಟಕ್ಕೆ ಹದಿನೈದು ತಪ್ಪುಗಳಿರುವ ಪಠ್ಯವನ್ನು ತಿದ್ದುವುದೇ ಸುಲಭ, ಏಕೆಂದರೆ ಅಲ್ಲಿ ಕಣ್ಣು ಎಚ್ಚರವಾಗಿರುತ್ತದೆ. ಪುಟಕ್ಕೊಂದೂವರೆ ತಪ್ಪಿನ ಪಠ್ಯದಲ್ಲಿ ಹತ್ತು ಪುಟ ಓದುವಷ್ಟರಲ್ಲಿ ಕರಡು ತಿದ್ದುವವನು ಕಥೆಯೊಳಗೆ ಜಾರಿರುತ್ತಾನೆ. ಪತ್ತೇದಾರಿ ಕಾದಂಬರಿಗಳಲ್ಲಿ ಈ ಅಪಾಯ ಹೆಚ್ಚು. ಕೊಲೆಗಾರ ಯಾರೆಂದು ಗೊತ್ತಿದ್ದರೂ ನಾನು ಜಾರಿದ್ದೇನೆ.

ಇದಕ್ಕೆ ಮದ್ದು ಕಂಡುಕೊಂಡವರು ನಮಗಿಂತ ಹಿಂದಿನವರು. ಮೈಕೆಲ್ ಹಾರ್ಟ್ 1971ರಲ್ಲಿ, ಪುಸ್ತಕಗಳನ್ನು ಡಿಜಿಟಲ್ ರೂಪದಲ್ಲಿ ಉಚಿತವಾಗಿ ಹಂಚುವ ಪ್ರಾಜೆಕ್ಟ್ ಗುಟೆನ್‌ಬರ್ಗನ್ನು ಆರಂಭಿಸಿದಾಗ ಪಠ್ಯವನ್ನು ಕೈಯಾರೆ ಬೆರಳಚ್ಚು ಮಾಡುತ್ತಿದ್ದರು. 2000ದಲ್ಲಿ ಚಾರ್ಲ್ಸ್ ಫ್ರಾಂಕ್ಸ್ ಆರಂಭಿಸಿದ ಡಿಸ್ಟ್ರಿಬ್ಯೂಟೆಡ್ ಪ್ರೂಫ್‌ರೀಡರ್ಸ್, ಇಡೀ ಪುಸ್ತಕವನ್ನು ಒಬ್ಬರ ತಲೆಗೆ ಕಟ್ಟದೆ, ಒಂದೊಂದು ಪುಟವನ್ನು ಒಬ್ಬೊಬ್ಬರಿಗೆ ಹಂಚುವ ಕ್ರಮವನ್ನು ತಂದಿತು. ಒಂದೆಡೆ ಪುಟದ ಚಿತ್ರ, ಅದರ ಜೊತೆಗೆ ಯಂತ್ರ ಓದಿದ ಪಠ್ಯ. ಪ್ರತಿ ಪುಟವೂ ಮೂರು ಸುತ್ತು ಕರಡು ತಿದ್ದುವವರ ಕಣ್ಣಿನ ಕೆಳಗೆ ಹಾದು, ಆಮೇಲೆ ವಿನ್ಯಾಸದ ಸುತ್ತುಗಳಿಗೆ ಹೋಗುತ್ತದೆ. ಒಂದು ಪುಟ ಮಾತ್ರ ಕೈಯಲ್ಲಿದ್ದಾಗ ಕಥೆಯೊಳಗೆ ಜಾರುವ ಪ್ರಶ್ನೆಯೇ ಬರುವುದಿಲ್ಲ ಎಂಬುದು ಈ ಕ್ರಮದ ಜಾಣತನ. ಒಂದರ ಅಂಕಿಯನ್ನೂ ‘ಎಲ್’ ಅಕ್ಷರವನ್ನೂ, ಸೊನ್ನೆಯನ್ನೂ ‘ಓ’ ಅಕ್ಷರವನ್ನೂ ಕಣ್ಣು ತಪ್ಪಿಯೂ ಬೆರೆಸದಂತೆ, ನೋಡಲು ಸ್ವಲ್ಪ ವಿಕಾರವಾದ ಅಕ್ಷರ ವಿನ್ಯಾಸವನ್ನೇ ಅವರು ತಮಗಾಗಿ ಮಾಡಿಕೊಂಡಿದ್ದಾರೆ. ಓದಲು ಹಿತವಾದ ವಿನ್ಯಾಸ ಕರಡು ತಿದ್ದುವವನ ಶತ್ರು ಎಂಬ ಮಾತನ್ನು ನಾನು ಅವರಿಂದಲೇ ಕಲಿತೆ. ನನಗೆ ಅಷ್ಟು ಜನರ ಬಲವಿಲ್ಲ. ಇರುವುದು ನಾನು ಮತ್ತು ಇದೇ ಹುಚ್ಚಿನ ಇಬ್ಬರು ಗೆಳೆಯರು. ಹಾಗಾಗಿ ಕೊನೆಯ ಪುಟದಿಂದ ಹಿಂದಕ್ಕೆ ಓದುತ್ತೇವೆ, ಅಥವಾ ಗಣಕಯಂತ್ರಕ್ಕೆ ಗಟ್ಟಿಯಾಗಿ ಓದಲು ಹೇಳಿ ಕಣ್ಣನ್ನು ಮುದ್ರಿತ ಪುಟದ ಮೇಲೆ ನೆಡುತ್ತೇವೆ. ಕಣ್ಣು ಕ್ಷಮಿಸಿದ ‘ದನ’ವನ್ನು ಕಿವಿ ಕ್ಷಮಿಸುವುದಿಲ್ಲ.

ಅಕ್ಷರಗಳು ಸರಿಯಾದ ಮೇಲೂ ಪುಸ್ತಕ ಸರಿಯಾಗಿರುವುದಿಲ್ಲ. ಪುಟದ ಸಂಖ್ಯೆ ವಾಕ್ಯದ ನಡುವೆ ನುಸುಳಿ ‘ಅವಳು ಬಾಗಿಲನ್ನು 47 ತೆರೆದಳು’ ಎಂದಾಗಿರುತ್ತದೆ. ಪುಟದ ನೆತ್ತಿಯ ಮೇಲಿನ ಶೀರ್ಷಿಕೆ ಪ್ರತಿ ಎರಡು ಪುಟಕ್ಕೊಮ್ಮೆ ಸಂಭಾಷಣೆಯಲ್ಲಿ ತಲೆಹಾಕಿರುತ್ತದೆ. ಇವೆಲ್ಲ ಒರಟು ಕೆಲಸಗಳು, ಬೇಗ ಮುಗಿಯುತ್ತವೆ. ಸಾಲಿನ ಕೊನೆಯ ಕಿರುಗೆರೆ ಮಾತ್ರ ಹಾಗಲ್ಲ. ಸಾಲಿನಲ್ಲಿ ಜಾಗ ಸಾಲದೆ ಮೊಳೆ ಜೋಡಿಸುವವನು ಪದವನ್ನು ಮುರಿದು ಹಾಕಿದ ಕಿರುಗೆರೆಯನ್ನು ತೆಗೆಯಬೇಕು. ‘ಮನೆ-ಮಠ’ ಎಂದು ಲೇಖಕರೇ ಹಾಕಿದ ಕಿರುಗೆರೆಯನ್ನು ಉಳಿಸಬೇಕು. ಅದೇ ಕಿರುಗೆರೆ ಸಾಲಿನ ಕೊನೆಗೆ ಬಂದು ನಿಂತಾಗ ಯಾರದ್ದೆಂದು ಹೇಗೆ ತಿಳಿಯುವುದು? ಅದೇ ಪದ ಪುಸ್ತಕದಲ್ಲಿ ಬೇರೆಲ್ಲಾದರೂ ಸಾಲಿನ ನಡುವೆ ಬಂದಿದೆಯೇ ಎಂದು ಹುಡುಕುತ್ತೇನೆ. ಅಲ್ಲಿಯೂ ಎರಡು ಬಗೆಯಾಗಿದ್ದರೆ, ಹೆಚ್ಚು ಸಲ ಬಂದದ್ದನ್ನು ಇಟ್ಟು, ಕೊನೆಯ ಪುಟದ ತಿದ್ದುಪಡಿಗಳ ಪಟ್ಟಿಯಲ್ಲಿ ಹಾಗೆಂದು ಬರೆದಿಡುತ್ತೇನೆ.

ಆ ಪಟ್ಟಿಯ ವಿಷಯದಲ್ಲಿ ನನಗೂ ಗೆಳೆಯರಿಗೂ ಜಗಳವಿದೆ. ಮೂಲ ಪುಸ್ತಕದಲ್ಲೇ ಇರುವ ಅಚ್ಚಿನ ದೋಷಗಳನ್ನು, ಉದಾಹರಣೆಗೆ ತಲೆಕೆಳಗಾಗಿ ಕೂತ ಮೊಳೆಯನ್ನು ಅಥವಾ ಒಂದು ಅಧ್ಯಾಯದಲ್ಲಿ ಒಂದು ಬಗೆಯಾಗಿ, ಮತ್ತೊಂದರಲ್ಲಿ ಇನ್ನೊಂದು ಬಗೆಯಾಗಿ ಬರುವ ಪಾತ್ರದ ಹೆಸರನ್ನು, ತಿದ್ದಬೇಕೇ ಬಿಡಬೇಕೇ ಎಂಬುದು ಪ್ರಶ್ನೆ. ಓದುಗನಿಗೆ ಅಡ್ಡಿಯಾಗುವುದನ್ನು ಉಳಿಸಿಕೊಳ್ಳುವುದು ಹಟಮಾರಿತನ ಎಂದು ಅವರು ಹೇಳುತ್ತಾರೆ. ನಾನು ತಲೆಕೆಳಗಾದ ಮೊಳೆಯನ್ನು ತಿದ್ದಿ ಪಟ್ಟಿಯಲ್ಲಿ ನಮೂದಿಸುತ್ತೇನೆ, ಹೆಸರನ್ನು ಮುಟ್ಟುವುದಿಲ್ಲ. ಒಮ್ಮೆ ನಾನು ಅಚ್ಚಿನ ದೋಷವೆಂದು ತಿದ್ದಿದ ಒಂದು ಕಾಗುಣಿತ, ಆಮೇಲೆ ನೋಡಿದರೆ ಒಂದೇ ಪಾತ್ರದ ಬಾಯಲ್ಲಿ ಮಾತ್ರ, ಪ್ರತಿ ಸಲವೂ ಅದೇ ರೀತಿ ಬರುತ್ತಿತ್ತು. ಲೇಖಕರು ಆ ಮುದುಕನಿಗೆ ಕೊಟ್ಟಿದ್ದ ಉಚ್ಚಾರವನ್ನೇ ನಾನು ಕಿತ್ತುಕೊಂಡಿದ್ದೆ.

ಕೃತಿಸ್ವಾಮ್ಯದ ಹಕ್ಕಿನ ಮಾತನ್ನೂ ಆಡಬೇಕು. ಮುದ್ರಣದಲ್ಲಿಲ್ಲದ ಪುಸ್ತಕ ಎಂದರೆ ಹಕ್ಕು ಮುಗಿದ ಪುಸ್ತಕ ಎಂದು ಅರ್ಥವಲ್ಲ. ಕೃತಿಸ್ವಾಮ್ಯದ ಕುರಿತ ಅಂತರರಾಷ್ಟ್ರೀಯ ಬರ್ನ್ ಒಪ್ಪಂದದ ಪ್ರಕಾರ ಲೇಖಕರ ಮರಣಾನಂತರ ಸಾಮಾನ್ಯವಾಗಿ ಕನಿಷ್ಠ 50 ವರ್ಷ ಹಕ್ಕು ಉಳಿಯುತ್ತದೆ. ಕೆಲವು ದೇಶಗಳಲ್ಲಿ ಅದು 60, ಇನ್ನು ಹಲವೆಡೆ 70. ತಿಳಿರಟ್ಟಿನ ಪುಸ್ತಕಗಳಲ್ಲಿ ಬಹುಪಾಲು ಇಪ್ಪತ್ತನೆಯ ಶತಮಾನದ ಉತ್ತರಾರ್ಧದವು, ಆದ್ದರಿಂದ ಈ ಬೇಲಿಯ ಒಳಗೇ ಇವೆ. ಒಂಬತ್ತರಲ್ಲಿ ಆರು ಪುಸ್ತಕಗಳು ನನ್ನ ಗಣಕಯಂತ್ರವನ್ನು ಬಿಟ್ಟು ಹೊರಗೆ ಹೋಗಿಲ್ಲ. ಪಾದದ ಗುರುತಿನ ಕಾದಂಬರಿಗೆ ಲೇಖಕರ ಮನೆಯವರು ಸಂತೋಷದಿಂದ ಒಪ್ಪಿಗೆ ಕೊಟ್ಟರು, ಆದರೆ ಮುಖಪುಟದ ಚಿತ್ರದ ಹಕ್ಕು ಕಲಾವಿದರದ್ದಿರಬಹುದಾದ್ದರಿಂದ ಮತ್ತು ಪುಸ್ತಕದಲ್ಲಿ ಕಲಾವಿದರ ಹೆಸರೇ ಇಲ್ಲದ್ದರಿಂದ, ಅದು ಬರಿಯ ಅಕ್ಷರಗಳ ಮುಖಪುಟದೊಡನೆ ಹೊರಬಂತು. ಪುಸ್ತಕದ ಅರ್ಧ ಸೊಗಸು ಆ ಚಿತ್ರದಲ್ಲೇ ಇತ್ತು ಎಂದು ನನಗೆ ಈಗಲೂ ಹೊಟ್ಟೆಯುರಿ.

ಅದೇ ಕಾದಂಬರಿಯ 113ನೆಯ ಪುಟದ ಹಾಳೆಯಲ್ಲಿ ಕೆಳಗಿನ ಹೊರ ಮೂಲೆ ಹರಿದುಹೋಗಿತ್ತು. ಹಾಗಾಗಿ 113ರಲ್ಲಿ ಕೊನೆಯ ಏಳು ಸಾಲುಗಳ ಬಾಲವೂ, ಹಿಂಬದಿಯ 114ರಲ್ಲಿ ಏಳು ಸಾಲುಗಳ ತಲೆಯೂ ಇರಲಿಲ್ಲ. ಟೆಸರಾಕ್ಟ್ ತನ್ನ ಸ್ವಭಾವದಂತೆ ಹರಿದ ಅಂಚಿನ ನೆರಳನ್ನು ಅಡ್ಡಾದಿಡ್ಡಿ ಚಿಹ್ನೆಗಳಾಗಿ ಓದಿ, ಅಲ್ಲಿ ಏನೋ ಕೆಟ್ಟಿದೆ ಎಂದು ಸಾರಿತ್ತು. ಚಿತ್ರವನ್ನು ನೋಡಿ ಪಠ್ಯ ಬರೆದುಕೊಡುವ ಇತ್ತೀಚಿನ ಕೃತಕ ಬುದ್ಧಿಮತ್ತೆಯ ಭಾಷಾ ಮಾದರಿಗಳ ಬಗ್ಗೆ ಕೇಳಿದ್ದ ನಾನು ಕುತೂಹಲಕ್ಕೆ ಅದೇ ಪುಟವನ್ನು ಅಂತಹ ಒಂದಕ್ಕೆ ಕೊಟ್ಟೆ. ಪುಟ ಎಷ್ಟು ಸ್ವಚ್ಛವಾಗಿ ಬಂತೆಂದರೆ ಮೊದಲ ನೋಟಕ್ಕೆ ನನಗೆ ಕಣ್ಣು ತುಂಬಿತು. ಅರ್ಕಾವೊತ್ತುಗಳು ಸರಿಯಾಗಿದ್ದವು, ‘ಪಾದ’ ಪಾದವಾಗಿಯೇ ಇತ್ತು. ಹರಿದ ಮೂಲೆಯ ಸಾಲುಗಳೂ ಪೂರ್ತಿಯಾಗಿದ್ದವು. ‘ಅವಳು ಬಾಗಿಲು ಮುಚ್ಚಿ ಕ’ ಎಂಬಲ್ಲಿಗೆ ಕಾಗದ ಹರಿದಿತ್ತು. ಮಾದರಿ ಬರೆದದ್ದು ‘ಅವಳು ಬಾಗಿಲು ಮುಚ್ಚಿ ಕಣ್ಣೀರು ಒರೆಸಿಕೊಂಡಳು’ ಎಂದು. ಆವರಣ ಚಿಹ್ನೆಯಿಲ್ಲ, ಪ್ರಶ್ನಾರ್ಥಕವಿಲ್ಲ, ಅನುಮಾನದ ಸುಳಿವಿಲ್ಲ. ಆ ಲೇಖಕರ ಶೈಲಿಗೆ ಅದು ಎಷ್ಟು ಹೊಂದುತ್ತಿತ್ತೆಂದರೆ, ಹರಿದ ಪುಟ ನನ್ನ ಮೇಜಿನ ಮೇಲಿರದಿದ್ದರೆ ನಾನು ಮುಂದಿನ ಪುಟಕ್ಕೆ ಹೋಗಿಬಿಡುತ್ತಿದ್ದೆ.

ಎಂಟು ತಿಂಗಳ ಮೇಲೆ ಇದೇ ಲೇಖಕರ ಇನ್ನೊಬ್ಬ ಅಭಿಮಾನಿ ತಮ್ಮ ಪ್ರತಿಯ ಆ ಎರಡು ಪುಟಗಳ ಚಿತ್ರ ಕಳಿಸಿದರು. ಅಲ್ಲಿದ್ದದ್ದು ‘ಅವಳು ಬಾಗಿಲು ಮುಚ್ಚಿ ಕಂದೀಲು ಆರಿಸಿದಳು’. ಕೊನೆಯ ಅಧ್ಯಾಯದಲ್ಲಿ ಪತ್ತೇದಾರನು ಕೊಲೆಗಾರನ ಸುಳ್ಳನ್ನು ಬಯಲು ಮಾಡುವುದು ಆ ಆರಿದ ಕಂದೀಲಿನಿಂದಲೇ: ಕತ್ತಲೆಯಲ್ಲಿ ನಿಂತವನಿಗೆ ಅವಳ ಮುಖ ಕಂಡಿದ್ದು ಹೇಗೆ ಎಂದು ಅವನು ಕೇಳುತ್ತಾನೆ. ಕಣ್ಣೀರಿನ ಆವೃತ್ತಿ ಹೊರಬಂದಿದ್ದರೆ ಕಾದಂಬರಿಯ ಮುಖ್ಯ ಸುಳಿವೇ ಇಲ್ಲದಂತಾಗಿ, ಲೇಖಕರು ಕೊನೆಗೆ ಎಲ್ಲಿಂದಲೋ ಕಂದೀಲು ತಂದು ಓದುಗರಿಗೆ ಮೋಸ ಮಾಡಿದರು ಎಂಬ ಅಪವಾದ ಅವರ ತಲೆಗೆ ಬರುತ್ತಿತ್ತು.

ಅಂದಿನಿಂದ ಹೊಸ ಮಾದರಿಯನ್ನು ಎರಡನೆಯ ಓದುಗನಾಗಿ ಮಾತ್ರ ಬಳಸುತ್ತೇನೆ. ಅದರ ಪಠ್ಯವನ್ನೂ ಟೆಸರಾಕ್ಟಿನ ಪಠ್ಯವನ್ನೂ ಎದುರುಬದುರಾಗಿಟ್ಟು, ಎರಡೂ ಬೇರೆಯಾಗುವ ಕಡೆಗಳನ್ನೆಲ್ಲ ಪುಟದ ಚಿತ್ರದೊಡನೆ ಹೋಲಿಸಿ ನೋಡುತ್ತೇನೆ. ಎರಡೂ ಒಂದೇ ತಪ್ಪನ್ನು ಮಾಡಿದ ಕಡೆ ಕಿವಿಯೇ ಗತಿ. ಪಠ್ಯದ ಜೊತೆಗೆ ಪುಟಗಳ ಚಿತ್ರಗಳನ್ನೂ ಕೊಡುತ್ತೇವೆ, ನಮ್ಮನ್ನು ನಂಬದವರು ನೋಡಿಕೊಳ್ಳಲಿ ಎಂದು. ಅಭಿಮಾನಿಯ ಪ್ರತಿ ಎರಡನೆಯ ಮುದ್ರಣದ್ದು, ನನ್ನದು ಮೊದಲನೆಯದ್ದು. ಎರಡೂ ಪುಟಗಳ ಆ ಏಳೇಳು ಸಾಲುಗಳ ಹರಿದ ಭಾಗಗಳು ಬೇರೆ ಮುದ್ರಣದಿಂದ ಬಂದವು ಎಂಬುದು ಕೊನೆಯ ಪುಟದ ಪಟ್ಟಿಯಲ್ಲಿದೆ. 114ನೆಯ ಪುಟದಲ್ಲಿ ಅವರ ಪ್ರತಿಯಲ್ಲೂ ಒಂದು ಸಾಲಿನ ಮೊದಲಿಗೆ ಮಸಿ ಚೆಲ್ಲಿದೆ. ಅಲ್ಲಿ ಚೌಕ ಆವರಣದೊಳಗೆ ‘ಎರಡು ಪದ ಅಸ್ಪಷ್ಟ’ ಎಂದು ಬರೆದಿದ್ದೇನೆ, ಮತ್ತು ಇನ್ನೊಂದು ಪ್ರತಿಯನ್ನು ಹುಡುಕುತ್ತಿದ್ದೇನೆ.